ಮಾಳಿಗೆಯ ಮೇಲೆ ಸಾಹೇಬರ ಜಾಡಿ

ಎಂಬತ್ತರ ದಶಕದ ಒಂದು ಸುಗ್ಗಿಯಲ್ಲಿ ಶಿಗ್ಗಾಂವಿಯ ಗಾಳಿಯ ಸಂಪೂರ್ಣ ಜವಾಬ್ದಾರಿ ನನ್ನ ಮೇಲಿತ್ತು. ಯಾರೂ ಕೊಟ್ಟಿರಲಿಲ್ಲ, ನಾನೇ ವಹಿಸಿಕೊಂಡಿದ್ದೆ.

ನಮ್ಮ ಓಣಿಯ ತುದಿಗೆ ಶೇಂಗಾ ಒಡೆಯುವ ಮಿಲ್ಲು. ಅದು ಶುರುವಾದರೆ ಹೊಟ್ಟಿನ ಧೂಳು ಊಟದ ತಾಟಿನವರೆಗೆ ಬರುತ್ತಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದ ನಮ್ಮ ಗಿರಿಜಕ್ಕನ ಎರಡು ತಿಂಗಳ ಕೂಸು ಒಂದೇ ಸಮನೆ ಕೆಮ್ಮುತ್ತಿತ್ತು. ಧೂಳು ನಿಲ್ಲದೆ ಕೆಮ್ಮು ನಿಲ್ಲುವುದಿಲ್ಲ ಎಂದರು ಡಾಕ್ಟರು. ಧೂಳು ನಮ್ಮದಲ್ಲ, ಹೈವೇ ಲಾರಿಗಳದು ಎಂದರು ಮಿಲ್ಲಿನ ಮಾಲಕರು.

ನಾನು ಪೇಪರ್ ಓದಿಯೇ ವಿಜ್ಞಾನ ಕಲಿತವನು. ಪುರಸಭೆಗೆ ಒಂಬತ್ತು ಅರ್ಜಿ ಬರೆದೆ. ಒಂಬತ್ತನೆಯದಕ್ಕೆ ಹೆದರಿ ಧಾರವಾಡದಿಂದ ಗಾಳಿ ಪರೀಕ್ಷೆಯ ಸಾಹೇಬರೇ ಬಂದರು. ದೊಡ್ಡ ಯಂತ್ರ ತರುತ್ತಾರೆಂದುಕೊಂಡಿದ್ದೆ. ತಂದದ್ದು ಅಗಲ ಬಾಯಿಯ ಒಂದು ಗಾಜಿನ ಜಾಡಿ, ಒಳಗೆ ಒಂದಿಷ್ಟು ಶುದ್ಧ ನೀರು! ಮೂವತ್ತು ದಿನ ಅದು ನಮ್ಮ ಮಾಳಿಗೆಯ ಮೇಲೆ ಬಾಯಿ ತೆರೆದು ಕೂರಬೇಕು. ಬಿದ್ದ ಧೂಳನ್ನು ತೂಗಿ, ಅದರಲ್ಲಿ ಶೇಂಗಾ ಹೊಟ್ಟು ಸಿಕ್ಕರೆ ಪುರಸಭೆ ಮಿಲ್ಲಿಗೆ ನೋಟೀಸು ಕೊಡುತ್ತದೆ.

ಇದೇನೋ ಎಂದು ಅಕ್ಕ ಕೇಳಿದಳು.

"ಸಾಹೇಬ್ರ ಜಾಡಿ. ನಿನಗ ತಿಳಿಯಂಗಿಲ್ಲ ಬಿಡು," ಎಂದೆ. ವಿಜ್ಞಾನವನ್ನು ಇಷ್ಟು ಚುಟುಕಾಗಿ ಯಾರೂ ವಿವರಿಸಿರಲಿಕ್ಕಿಲ್ಲ.

ಕಾವಲು ಶುರುವಾಯಿತು. ಸುತ್ತಲಿನ ಆರು ಮಾಳಿಗೆಗಳಲ್ಲಿ ಮೆಣಸಿನಕಾಯಿ ಒಣಹಾಕುವುದನ್ನು ನಿಷೇಧಿಸಿದೆ. ಆರೂ ಮನೆಯವರು ಮಾತು ಬಿಟ್ಟರು. ಹನ್ನೆರಡನೆಯ ದಿನ ಜಾಡಿಯ ಅಂಚಿಗೆ ಕಾಗೆ ಕೂತಿತು. ಚಪ್ಪಲಿ ಬೀಸಿದೆ. ಕಾಗೆ ಹಾರಿತು, ಚಪ್ಪಲಿ ಜಾಡಿಗೆ ಒಂದು ಗೇಣು ದೂರದಲ್ಲಿ ಬಿತ್ತು. ಇಪ್ಪತ್ತೊಂಬತ್ತನೆಯ ದಿನ ತಳದಲ್ಲಿ ಎರಡು ಬೆರಳು ಕೆಂಪು ರಾಡಿ. ಗೆದ್ದೆ!

ಮೂವತ್ತನೆಯ ದಿನ ಸಾಹೇಬರನ್ನು ಬಸ್ ಸ್ಟ್ಯಾಂಡಿನಿಂದ ಮೆರವಣಿಗೆಯಂತೆ ಕರೆತಂದೆ. ಜಾಡಿ ಪಡಸಾಲೆಯಲ್ಲಿ ಫಳಫಳ ಹೊಳೆಯುತ್ತಿತ್ತು. ಒಳಗೆ ನಾಲ್ಕು ಶೇಂಗಾ ಉಂಡಿ.

"ಬೂದಿ ಹಚ್ಚಿ ತಿಕ್ಕೇನಿ," ಎಂದಳು ಅಕ್ಕ. "ಎಷ್ಟ ಹೊಲಸಾಗಿತ್ತು. ಮಂದಿ ಭಾಂಡಿ ಖಾಲಿ ಹೆಂಗ ಕಳಸೂದು?"

"ಒಳಗಿನ ನೀರು?"

"ಕರಿಬೇವಿನ ಗಿಡಕ್ಕ ಹಾಕಿದ್ನಿ."

ಹಿತ್ತಲಿಗೆ ಓಡಿದೆ. ಕರಿಬೇವಿನ ಬುಡದ ಹಸಿ ಮಣ್ಣನ್ನು ಚಮಚದಲ್ಲಿ ಕೆರೆದು ತಂದು ಸಾಹೇಬರ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ನಾನಂತೂ ಜಾಡಿಯನ್ನು ಕಣ್ಣಿನಂತೆ ಕಾಯ್ದೆ, ಅದರ ಸುತ್ತ ಮುಂಜಾನೆ-ಸಂಜೆ ತಪ್ಪದೆ ಕಸ ಗುಡಿಸಿದೆ ಎಂದು ನಿವೇದಿಸಿಕೊಂಡೆ.

ಸಾಹೇಬರು ಕನ್ನಡಕ ತೆಗೆದರು. "ಎರಡೂ ಹೊತ್ತು ಕಸಬರಗಿ ಆಡಿಸೀರಿ? ಹಂಗಾರ ಜಾಡ್ಯಾಗಿನ ಧೂಳು ಮಿಲ್ಲಿಂದೆಷ್ಟು, ನಿಮ್ಮದೆಷ್ಟು?"

ಅಕ್ಕ ತೊಳೆಯದಿದ್ದರೂ ಪರೀಕ್ಷೆ ಕೆಟ್ಟೇ ಹೋಗಿತ್ತು! ಒಳಗೆ ಕೂಸು ಕೆಮ್ಮಿತು. ಮಿಲ್ಲಿನ ಸೀಜನ್ನು ಇನ್ನೂ ಮೂರು ತಿಂಗಳು ಉಳಿದಿತ್ತು.

ಸಾಹೇಬರು ಚೀಲದಿಂದ ಇನ್ನೊಂದು ಜಾಡಿ ತೆಗೆದು, ನನ್ನನ್ನು ದಾಟಿ ಹೋಗಿ ಅಕ್ಕನ ಎದುರು ಕೂತು ಎಲ್ಲ ತಿಳಿಸಿ ಹೇಳಿದರು. ಎರಡು ನಿಮಿಷ ಹಿಡಿಯಿತು. ಅಕ್ಕ ನನ್ನತ್ತ ತಿರುಗಿದಳು.

"ಕೂಸಿನ ಸಲುವಾಗಿ ಅಂತ ಒಂದ ಮಾತ ಹೇಳಿದ್ರ, ನಾನ ಕಾಯ್ತಿದ್ನೆಲ್ಲೋ."

ಆ ತಿಂಗಳ ಜಾಡಿ ಸುರಕ್ಷಿತವಾಗಿ ಧಾರವಾಡ ಸೇರಿತು. ಪುರಸಭೆಯ ನೋಟೀಸು ಬಂದು ಮಿಲ್ಲಿನ ಕಿಟಕಿಗಳಿಗೆ ತಾಡಪತ್ರಿ ಬಿತ್ತು. ಕೂಸು ಕೆಮ್ಮದೆ ನಿದ್ದೆ ಮಾಡಿತು. ಜಾಡಿ ಮಾಳಿಗೆಯ ಮೇಲಿದ್ದ ಆ ಇಡೀ ತಿಂಗಳು ನಾನು ಅಂಗಳದಲ್ಲಿ ನಿಂತು, ಸಾಹೇಬರು ಬರೆದುಕೊಟ್ಟು ಅಕ್ಕ ಏಣಿಗೆ ಅಂಟಿಸಿದ್ದ ಚೀಟಿ ಓದುತ್ತಿದ್ದೆ:

"ಜಾಡಿಯ ಹತ್ತಿರ ಬಿಡಬಾರದವು: ಕಾಗೆ, ಕೋತಿ, ತಮ್ಮ."