ಮುತ್ತಮ್ಮನಿಗೆ ಎದುರಾಗಿ ಒಂದು ವೋಟು

ವಯಸ್ಸಾದವರು ಸುಳ್ಳು ಹೇಳುವುದಿಲ್ಲ ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಾನಂತೂ ಎಪ್ಪತ್ತಾರನೇ ವಯಸ್ಸಿನಲ್ಲಿ ಸರ್ಕಾರಕ್ಕೇ ಸುಳ್ಳು ಹೇಳಿದೆ, ಅದೂ ಸೋಫಾದ ಮೇಲೆ ಕೂರಿಸಿ, ಚಹಾ ಕೊಟ್ಟು. ವೋಟರ್ ಲಿಸ್ಟ್ ಹಿಡಿದು ಬಂದ ಮೇಡಂ ಈ ಮನೆಯಲ್ಲಿ ಯಾರ್ಯಾರು ಇರುತ್ತೀರಿ ಎಂದು ಕೇಳಿದರು. ಮಗ, ಸೊಸೆ, ಮೊಮ್ಮಗಳು ಎಂದೆ. ಮತ್ತೆ ನೀವು ಎಂದರು. ನಾನು ಬಂದುಹೋಗುವವಳು, ನನ್ನ ಮನೆ ಹೌಜ್ ಖಾಸ್ ಹತ್ತಿರದ ಸರ್ಕಾರಿ ಕ್ವಾರ್ಟರ್ಸ್ ಎಂದೆ. ಒಳಗಿನಿಂದ ಮೊಮ್ಮಗಳು ಕೂಗಿ ಹೇಳಿದಳು:

“ಅಜ್ಜಿ ಝೂಠ್ ಹೇಳ್ತಾ ಇದ್ದಾರೆ ಮ್ಯಾಮ್. ನನ್ನ ರೂಮಲ್ಲೇ ಮಲಗೋದು, ಗೊರಕೆ ಭೀ ಹೊಡೀತಾರೆ.”

ಆ ಸಂಜೆಯೇ ಮಗ ಫಾರಂ ತುಂಬಿ ನನ್ನ ಹೆಸರನ್ನು ದೆಹಲಿಯ ಆ ತುದಿಯಿಂದ ಈ ತುದಿಯ ರೋಹಿಣಿಗೆ ತಂದುಬಿಟ್ಟ. ಇಷ್ಟು ದಿನ ಮಾಡಿದ್ದು ಕಾನೂನಿಗೆ ವಿರುದ್ಧ ಅಮ್ಮ ಎಂದ. ಅದು ನನಗೂ ಗೊತ್ತಿತ್ತು. ಆ ಕ್ವಾರ್ಟರ್ಸ್ ಒಡೆದು ನೆಲಸಮ ಮಾಡಿ ವರ್ಷಗಳಾಗಿವೆ. ಆದರೂ ಪಟ್ಟಿಯಿಂದ ನನ್ನ ಹೆಸರನ್ನು ಯಾರೂ ತೆಗೆದಿರಲಿಲ್ಲ, ನಾನೂ ತೆಗೆಸಿರಲಿಲ್ಲ. ಪ್ರತಿ ಚುನಾವಣೆಗೂ ಮೆಟ್ರೋ ಹತ್ತಿ ಅಲ್ಲಿನ ಶಾಲೆಗೆ ಹೋಗಿ ವೋಟು ಹಾಕಿ ಬರುತ್ತಿದ್ದೆ. ದೇಶದ ಮೇಲಿನ ಪ್ರೀತಿಯಿಂದಲ್ಲ. ಮುತ್ತಮ್ಮ ಬರುತ್ತಿದ್ದಳು.

ಮುತ್ತಮ್ಮ ಕೊಡಗಿನವಳು. ಗಂಡ ಮಿಲಿಟರಿ ಬಿಟ್ಟು ನಮ್ಮವರ ಆಫೀಸಿಗೇ ಕಾವಲಿಗೆ ಸೇರಿದ್ದ. ನಮ್ಮವರು ಅಲ್ಲಿ ಫೈಲು ಹೊರುತ್ತಿದ್ದರು. ಗೋಡೆಗೆ ಗೋಡೆ ತಾಗಿದ ಮನೆಗಳು. ನೀರು ಬಿಡಿಸಿಕೊಟ್ಟ ಪಾರ್ಟಿಗೆ ನಾನು ಒಮ್ಮೆ ವೋಟು ಹಾಕಿದೆ, ಅವಳು ಅದರ ಎದುರು ಪಾರ್ಟಿಗೆ ಹಾಕಿದಳು. ನೀರು ಮರುವರ್ಷವೇ ನಿಂತಿತು. ಆದರೆ ಅವಳು ಆ ಕಡೆ ಇರುವವರೆಗೆ ನಾನು ಈ ಕಡೆ ಬಿಡುವುದು ಹೇಗೆ? ಇಬ್ಬರೂ ಮನೆಯಲ್ಲೇ ಕೂತರೂ ಲೆಕ್ಕ ಅಷ್ಟೇ, ಸುಮ್ಮನೆ ಬೋಂಡಾ ಕರಿಯಿರಿ ಎಂದು ಗಂಡಸರು ನಗುತ್ತಿದ್ದರು. ನಾವು ಕೇಳಲಿಲ್ಲ. ನನ್ನನ್ನು ಸಾಲಿನಲ್ಲಿ ಕಂಡ ಕೂಡಲೇ ಅವಳು ನಾಲ್ಕು ಜನಕ್ಕೆ ಕೇಳುವಂತೆ, “ಬಂದ್ರಾ ಗಿರಿಜಕ್ಕ, ನನ್ನ ವೋಟು ಹಾಳ್ಮಾಡೋಕೆ?” ಎನ್ನುತ್ತಿದ್ದಳು. ಗಂಡಸರಿಬ್ಬರೂ ತೀರಿಹೋದ ಮೇಲಿನ ಚುನಾವಣೆಯಲ್ಲೂ ಅದನ್ನೇ ಹೇಳಿದಳು. ಅವತ್ತು ಅದಕ್ಕಿಂತ ಒಳ್ಳೆಯ ಮಾತು ನನಗೂ ಬೇಕಿರಲಿಲ್ಲ.

ಅವಳು ಈಗ ಫರೀದಾಬಾದಿನ ಮಗಳ ಮನೆಯಲ್ಲಿ. ಯಾವ ಸೆಕ್ಟರ್ ಎಂದು ನಾನು ಕೇಳಲೇ ಇಲ್ಲ, ಹೇಗೂ ಚುನಾವಣೆಗೆ ಸಿಗುತ್ತಾಳಲ್ಲ ಎಂದು. ಫೋನ್ ಮಾಡಿದರೆ ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಒಬ್ಬಳು ಹಿಂದಿಯಲ್ಲಿ ಹೇಳುತ್ತಾಳೆ.

ರೋಹಿಣಿಯಲ್ಲಿ ವೋಟು ಹಾಕುವುದೂ ಒಂದು ವೋಟೇ? ನಮ್ಮ ಸೊಸೈಟಿಯ ಪಾರ್ಕಿನಲ್ಲಿ ವರ್ಷವಿಡೀ ದೇಶ ಉಳಿಸುವವರು ಆ ದಿನದ ರಜೆಗೆ ಮಸ್ಸೂರಿಗೆ ಹೋಗಿರುತ್ತಾರೆ. ಯಾರು ಯಾವ ಪಾರ್ಟಿ ಎಂದು ಕಾರಿನ ಹಿಂದಿನ ಗಾಜು ನೋಡಿದರೆ ಸಾಕು, ಕಾರು ಮಾತ್ರ ಬೂತಿನ ಹತ್ತಿರ ಕಾಣುವುದಿಲ್ಲ. ಈ ಸಲ ಹತ್ತು ನಿಮಿಷದಲ್ಲಿ ನನ್ನ ಕೆಲಸ ಮುಗಿಯಿತು. ಯಾರೂ ಬೈಯಲಿಲ್ಲ. ಬೆರಳಿನ ಶಾಯಿ ಒಣಗುವ ಮೊದಲೇ ಮೆಟ್ರೋ ಹತ್ತಿದೆ.

ಹಳೆಯ ಬೂತಿನ ಶಾಲೆಯ ರಸ್ತೆಯ ತುದಿಯಲ್ಲಿ ಪಾರ್ಟಿಯವರು ಮೇಜು ಹಾಕಿಕೊಂಡು ಚೀಟಿ ಹಂಚುತ್ತಿದ್ದರು. ಅವಳು ಚೀಟಿಗೆ ಬಂದೇ ಬರುತ್ತಾಳೆ ಎಂದು ಅವಳ ಪಾರ್ಟಿಯ ಮೇಜಿನ ಪಕ್ಕದಲ್ಲೇ ಕುರ್ಚಿ ಹಿಡಿದೆ. ಮೇಜಿನ ಬಳಿಯಿದ್ದ ಮೀಸೆಯವನು ನೀರು ಕೊಟ್ಟ, ಸಮೋಸ ಕೊಟ್ಟ. ಕಂಡರಾಗದ ಪಾರ್ಟಿಯ ಸಮೋಸ ತಿನ್ನುತ್ತಾ, ಆ ಪಾರ್ಟಿಗೆ ಬೀಳಬೇಕಾದ ಒಂದು ವೋಟಿಗಾಗಿ ನಾಲ್ಕು ಗಂಟೆಯವರೆಗೆ ರಸ್ತೆ ನೋಡಿದೆ. ಬಂದ ಮುದುಕಿಯರೆಲ್ಲ ಬೇರೆ ಮುದುಕಿಯರು.

ಕೊನೆಗೆ ಹೆಸರು ಹೇಳಿ ಪಟ್ಟಿ ನೋಡಲು ಹೇಳಿದೆ. ನನ್ನ ಓದು ಮೂರನೇ ಕ್ಲಾಸು, ಅದೂ ಕನ್ನಡ. ಅವನು ಬೆರಳಾಡಿಸಿ, ಈ ಹೆಸರು ಹೊಡೆದುಹಾಕಿದ್ದಾರೆ ಮಾತಾಜಿ ಎಂದ. ಯಾಕೆ ಎಂದೆ. ಮನೆ ಬದಲಿಸಿದರೂ ಹೊಡೆಯುತ್ತಾರೆ ಎಂದ. ಇನ್ನೊಂದು ಕಾರಣ ಹೇಳಲು ಅವನಿಗೆ ಸಂಕೋಚ. ನನ್ನ ಹೆಸರನ್ನೂ ನೋಡಿಸಿದೆ. ಅದಕ್ಕೂ ಅದೇ ಗೆರೆ. ಅವಳು ಬಂದು ನನ್ನ ಹೆಸರು ಕೇಳಿದರೆ ಅವಳಿಗೂ ಈ ಗೆರೆಯನ್ನೇ ತೋರಿಸುತ್ತಾರೆ ಎಂದು ಆಗ ಹೊಳೆದು, ಕುರ್ಚಿಯಿಂದ ಎದ್ದವಳು ಮತ್ತೆ ಕೂತೆ.

“ಭಯ್ಯಾ, ಗಟ್ಟಿ ಗಂಟಲಿನ ಒಬ್ಬಳು ಮುದುಕಿ ಬಂದು ನನ್ನ ಬಗ್ಗೆ ಕೇಳಿದರೆ, ಗಿರಿಜಕ್ಕ ಬದುಕಿದ್ದಾಳೆ, ರೋಹಿಣಿಯಲ್ಲಿ ವೋಟು ಹಾಕಿದ್ದಾಳೆ ಅಂತ ಹೇಳು” ಎಂದು ಹಿಂದಿಯಲ್ಲಿ ಹೇಳಿ, ಮಗನ ನಂಬರ್ ಬರೆಸಿದೆ.

“ಯಾರಿಗೆ ಹಾಕಿದಿರಿ ಮಾತಾಜಿ?”

“ಅದು ಅವಳಿಗೆ ಗೊತ್ತು.”

ತನ್ನ ಪಾರ್ಟಿಗೇ ಇರಬೇಕೆಂದುಕೊಂಡು ಅವನು ಎದ್ದು ನಿಂತು ಕೈ ಮುಗಿದ. ನಾನು ತಿದ್ದಲು ಹೋಗಲಿಲ್ಲ. ಮುತ್ತಮ್ಮ ಬಂದರೆ ಅವಳೇ ತಿದ್ದುತ್ತಾಳೆ, ನಾಲ್ಕು ಜನಕ್ಕೆ ಕೇಳುವಂತೆ.