ನಮ್ಮ ಕಾಕಾನ ಜಪಾನಿ ಹುಡುಗಿ

ನಮ್ಮ ಕಾಕಾ ಐವತ್ತು ದಾಟಿದ ಮೇಲೆ ಒಬ್ಬ ಜಪಾನಿ ಹುಡುಗಿಯ ಹಿಂದೆ ಬಿದ್ದರು! ನಾನು ಚಾಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸುದ್ದಿ ನನಗೆ ಮುಟ್ಟಿಸಿದ್ದೇ ಅವರ ಹೆಂಡತಿ, ನಮ್ಮ ಕಾಕು. ಅದೂ ರೊಟ್ಟಿ ಬಡಿಯುವ ಕೈಯನ್ನು ಒಂದು ಕ್ಷಣವೂ ನಿಲ್ಲಿಸದೆ.

"ದಿನಾ ಸಂಜಿಕ ಆಫೀಸಿಂದ ಬಂದು ಆಕಿ ಮುಂದ ಕುಂಡ್ರತಾರವಾ. ಆಕಿ ಕೂದಲಾ ನೋಡ್ತಾರ, ಕಣ್ಣು ನೋಡ್ತಾರ, ಗದ್ದಾ ನೋಡ್ತಾರ. ನನ್ನ ಮಾರಿ ಹಿಂಗ ಒಂದ್ ದಿನಾರ ನೋಡ್ಯಾರೇನು ಕೇಳು!"

ಹುಡುಗಿ ಇದ್ದದ್ದು ಟಿವಿಯೊಳಗೆ. ಎರಡು ಸಾವಿರದ ಐದು–ಆರರ ಮಾತು ಇದು. ಆಗ ನಾವು ಮಸ್ಕತ್ತಿನ ವಾದಿ ಕಬೀರಿನಲ್ಲಿದ್ದೆವು. ಕೆಳಗೆ ಗ್ಯಾರೇಜಿನವರ ಸುತ್ತಿಗೆ ಸದ್ದು, ಅದರ ಮೇಲೆ ನಾನು ಮತ್ತು ನನ್ನ ಗಂಡ, ನಮ್ಮ ಮೇಲೆ ಕಾಕಾ ಮತ್ತು ಕಾಕು. ಕಂಪನಿ ಕೆಲಸಕ್ಕೆ ಬುರೈಮಿಗೆ ಹೋದವರು ಬರುವಾಗ ಮಿಕ್ಸಿ ತರುತ್ತಾರೆ, ಕಂಬಳಿ ತರುತ್ತಾರೆ. ನಮ್ಮ ಕಾಕಾ ಚೀಲ ತುಂಬ ಜಪಾನಿ ಡಿವಿಡಿ ತಂದರು. ಎಲ್ಲವೂ ಕಂಪ್ಯೂಟರಿನಲ್ಲೇ ಮಾಡಿದ ವೈಜ್ಞಾನಿಕ ಕಲ್ಪನೆಯ ಸಿನಿಮಾಗಳು. ಲೋಕ ಮುಗಿದುಹೋಗಿರುತ್ತದೆ, ಊರಿಗೆ ಊರೇ ಪಾಳು ಬಿದ್ದಿರುತ್ತದೆ, ಯಂತ್ರಗಳು ಮನುಷ್ಯರನ್ನು ಅಟ್ಟಿಸಿಕೊಂಡು ಬರುತ್ತಿರುತ್ತವೆ. ಅವುಗಳ ನಡುವೆ ಒಬ್ಬಳು ಹುಡುಗಿ. ಕಾರ್ಟೂನ್ ಅನ್ನೋಣವೆಂದರೆ ಅವಳ ಕೈ ಮೇಲೆ ರೋಮ ಕಾಣುತ್ತದೆ. ನಟಿ ಅನ್ನೋಣವೆಂದರೆ ಅಂಥವಳೊಬ್ಬಳು ಭೂಮಿ ಮೇಲೆ ಹುಟ್ಟೇ ಇಲ್ಲ!

ಚೆಂದ ಇರಲಿಲ್ಲ ಅಂತ ಮಾತ್ರ ಹೇಳಲಾರೆ. ಒಂದು ದೃಶ್ಯ ಇತ್ತು. ಕುಸಿದ ಗೋಪುರದ ಸಂದಿನಿಂದ ಬಿಸಿಲು ಕೋಲಿನಂತೆ ಇಳಿಯುತ್ತದೆ, ಅದರಲ್ಲಿ ಧೂಳಿನ ಕಣಗಳು ತಿರುಗುತ್ತವೆ. ಯಂತ್ರದ ಕಬ್ಬಿಣದ ತೋಳಿನ ಮೇಲೆ ಇಡೀ ಊರಿನ ದೀಪಗಳು ಹರಿದು ಹೋಗುತ್ತವೆ. ಹುಡುಗಿ ನೀರೊಳಗೆ ಮುಳುಗಿದರೆ ಕೂದಲಿನ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ತೇಲುತ್ತದೆ. ನಾನೂ ರೊಟ್ಟಿ ಕೈಯಲ್ಲಿ ಹಿಡಿದು ಬಾಯಿ ತೆರೆದು ನೋಡಿದ್ದೇನೆ.

"ಕಾಕಾ, ಕಥಿ ಏನು?"

"ಯಾವನಿಗ್ಗೊತ್ತು!"

"ಕೆಳಗ ಇಂಗ್ಲಿಷ್‌ನ್ಯಾಗ ಬರಕೊಂಡು ಹೊಂಟೈತಲ್ಲಾ?"

ಮಾರನೇ ದಿನ ನೋಡಿದರೆ ಟಿವಿಯ ಕೆಳಗಿನ ಪಟ್ಟಿಗೆ ಒಂದು ಬಟ್ಟೆ ಅಂಟಿಸಿದ್ದರು! ಅಕ್ಷರ ಬಂದರೆ ಕಣ್ಣು ಅಲ್ಲಿಗೆ ಓಡುತ್ತದಂತೆ, ಮುಖ ನೋಡಲು ಬಿಡುವುದಿಲ್ಲವಂತೆ. ಬಟ್ಟೆ ಕಾಕುವಿನ ಇಳಕಲ್ ಸೀರೆಯ ಅಂಚು. "ಹಬ್ಬಕ್ಕ ಉಡೂ ಸೀರಿ ರೋಬೋಟಿಗೆ ಉಡಿಸ್ಯಾರ" ಎಂದು ಕಾಕು ಆ ವಾರ ಪೂರ್ತಿ ಬರೀ ಅನ್ನ–ಸಾರು ಮಾಡಿದರು.

ಯುದ್ಧ ಬಂದರೆ ಓಡಿಸುವುದು, ಮುಖ ಬಂದರೆ ನಿಲ್ಲಿಸುವುದು, ಇದು ಅವರ ಸಿನಿಮಾ ನೋಡುವ ಕ್ರಮ. ಒಂದು ದಿನ ಪಕ್ಕದ ಫ್ಲ್ಯಾಟಿನ ಮಂಗಳೂರಿನ ದಂಪತಿ ಚಹಾಕ್ಕೆ ಬಂದರು. ಬಂದು ಕೂತವರಿಗೆ ಬಹಳ ಹೊತ್ತು ಒಂದೇ ಚಿತ್ರ. ಆಕೆ ಮೆಲ್ಲಗೆ ಕೇಳಿದರು.

"ಎಂತ ಮಾರಾಯ್ರೆ, ನಿಮ್ಮ ಟಿವಿ ಹಾಳಾಗಿದೆಯಾ?"

"ಇಲ್ರಿ, ನಾನ ನಿಲ್ಲಿಸೇನಿ. ಆಕಿ ಕಣ್ಣು ನೋಡ್ರಿ."

"ಚಂದ ಉಂಟಲ್ಲ!"

"ಚೆಂದ ಅದಾವ್ರಿ. ಆದರ ಸತ್ತಾವ."

"ದೇವರೇ! ದೀಪ ಹಚ್ಚುವ ಹೊತ್ತಲ್ಲಿ ಎಂತ ಮಾತು ಇದು!"

ಚಹಾ ಅರ್ಧಕ್ಕೇ ಉಳಿಯಿತು. ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ ಆಕೆ ನನ್ನ ಕಿವಿಯಲ್ಲಿ, "ನಿಮ್ಮ ಕಾಕನಿಗೆ ಡ್ಯೂಟಿಯ ಟೆನ್ಷನ್ ಉಂಟಾ?" ಅಂದರು.

ಉಂಟು ಅಂದೆ. ಇನ್ನೇನು ಹೇಳಲಿ?

ಕಾಕಾ ಒಂದು ಕಟ್ಟಡ ಕಂಪನಿಯಲ್ಲಿ ಪಿ.ಆರ್.ಓ. ಆಗಿದ್ದರು. ವೀಸಾ ಮಾಡಿಸುವುದು, ಲೇಬರ್ ಕಾರ್ಡಿಗೆ ಓಡಾಡುವುದು, ಕಫೀಲ್, ಅಂದರೆ ವೀಸಾಕ್ಕೆ ಜಾಮೀನು ನಿಲ್ಲುವ ಒಮಾನಿ ಯಜಮಾನನ ಸಹಿಗೆ ಕಾಯುವುದು. ಇವೆಲ್ಲ ಸಂಬಳದ ಕೆಲಸ. ಇನ್ನೊಂದು ಕೆಲಸ ತಾನಾಗಿ ಅವರ ಹೆಗಲಿಗೆ ಬಿದ್ದಿತ್ತು. ಕಂಪನಿಯ ಯಾರಾದರೂ ಸತ್ತರೆ ಶವಾಗಾರಕ್ಕೆ ಹೋಗಿ, ಹೊದಿಕೆ ಸರಿಸಿ, ಹೌದು ಇವನೇ ಎಂದು ಹೇಳುವುದು. ಆಮೇಲೆ ಪೆಟ್ಟಿಗೆ ಮುಚ್ಚಿಸಿ ವಿಮಾನ ಹತ್ತಿಸುವುದು. ಇದು ನಮ್ಮ ಜನಕ್ಕೆಲ್ಲ ಎಷ್ಟು ಗೊತ್ತಿತ್ತೆಂದರೆ, ಕಾಕಾ ಫೋನ್ ಮಾಡಿದರೆ ಯಾರೂ ನಮಸ್ಕಾರ ಅನ್ನುತ್ತಿರಲಿಲ್ಲ. ನೇರವಾಗಿ "ಯಾರು?" ಅನ್ನುತ್ತಿದ್ದರು! ಒಮ್ಮೆ ಹೋಳಿಗೆ ಊಟಕ್ಕೆ ಕರೆಯಲು ಯಾರಿಗೋ ಫೋನ್ ಮಾಡಿದ್ದರು. ಆ ಮನುಷ್ಯ ಇವರ ದನಿ ಕೇಳುತ್ತಲೇ ನೆಲದ ಮೇಲೆ ಕೂತು ನೀರು ತರಿಸಿಕೊಂಡನಂತೆ. ಊಟಕ್ಕೂ ಬರಲಿಲ್ಲ.

ನಗುತ್ತಿದ್ದೆವು. ನಗದೆ ಆ ಮನೆಯಲ್ಲಿ ಹೇಗೆ ಓಡಾಡುವುದು?

ಆದರೆ ಒಂದು ಫೋನ್ ಬಂದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. ರಾಯಚೂರು ಕಡೆಯ ಒಬ್ಬ ತಾಯಿ ಆಗಾಗ ಕಾಕಾನಿಗೆ ಫೋನ್ ಮಾಡುತ್ತಿದ್ದಳು. "ಸಾಹೇಬ್ರ, ನಮ್ಮ ಹುಡುಗಗ ರಜಾ ಯಾವಾಗ ಕೊಡ್ತೀರಿ?" ಮಗ ಲಾರಿಯಡಿ ಸಿಕ್ಕಿ ಸತ್ತು ಯಾವ ಕಾಲವಾಗಿತ್ತೋ. ಆಸ್ಪತ್ರೆಯವರು ಪೆಟ್ಟಿಗೆ ತೆರೆಯಬಾರದು ಅಂದಿದ್ದರು, ಕಾಕಾ ಅದನ್ನೇ ಊರಿಗೆ ಹೇಳಿದ್ದರು, ಊರಿನ ಹಿರಿಯರು ಪೆಟ್ಟಿಗೆ ಸಮೇತ ಮಣ್ಣು ಮಾಡಿದ್ದರು. ಮುಖ ನೋಡದ ತಾಯಿಗೆ ಮಗ ಸತ್ತೇ ಇರಲಿಲ್ಲ. ಮಸ್ಕತ್ತಿನಲ್ಲಿದ್ದಾನೆ, ಕಂಪನಿಯವರು ರಜೆ ಕೊಡುತ್ತಿಲ್ಲ, ಅಷ್ಟೆ.

"ಮುಂದಿನ ತಿಂಗಳ ನೋಡ್ತೀನ್ರೆವಾ" ಅನ್ನುತ್ತಿದ್ದರು ಕಾಕಾ. ಫೋನಿಟ್ಟು ಡಿವಿಡಿ ಹಾಕುತ್ತಿದ್ದರು.

ಅಂಥದ್ದೇ ಒಂದು ದಿನ ನಾನು ನೇರ ಕೇಳಿದೆ. "ಕಾಕಾ, ಆ ಜಪಾನಿನವರ ಹಂತೇಕ ನಿಮಗೇನ್ ಸಿಗತೈತಿ?"

"ನಾ ಜೀವಾ ಹ್ವಾದ ಮಾರಿ ನೋಡಾಂವ. ಅವರು ಜೀವಾ ಇಲ್ಲದ ಮಾರಿಗೆ ಜೀವಾ ತರಾಕ ಹೊಂಟಾರ. ಅದು ಎಲ್ಲಿರತೈತಿ ಅಂತ ಇಬ್ಬರೂ ಹುಡುಕಾಕತ್ತೇವಿ, ತಂಗಿ." ಹಾಗೆಂದವರು ತಕ್ಷಣ ಟಿವಿ ಕಡೆ ಬೆರಳು ಮಾಡಿದರು. "ಕೂದಲದಾಗ ಬಂದೈತಿ ನೋಡು. ನೀರಾಗ ಬಂದೈತಿ. ಕಬ್ಬಿಣದಾಗೂ ಬಂದೈತಿ! ಮಾರಿಯೊಳಗ ಬರವಲ್ದು."

ಶುಕ್ರವಾರ ರಜೆಯ ದಿನ ನಮ್ಮ ಜೊತೆ ಊಟಕ್ಕೆ ಮಲ್ಲು ಬರುತ್ತಿದ್ದ. ಬಾಗಲಕೋಟೆ ಕಡೆಯವನು, ಕಾಕಾನ ಕಂಪನಿಯಲ್ಲೇ ಸೈಟ್ ಇಂಜಿನಿಯರ್, ಮಹಾ ತುಂಟ. ಕಾಕಾನ ಸಿನಿಮಾಗಳನ್ನು ಪೂರ್ತಿ ನೋಡಬೇಕೆಂದು ಹಟ ಹಿಡಿದವನು ಅವನೊಬ್ಬನೇ.

"ಕಾಕಾ, ಕೊನೀಗೆ ಲೋಕ ಉಳೀತೈತೋ ಇಲ್ಲೋ, ಅದನ್ನಾರ ಹೇಳ್ರಿ."

"ನಾ ಅಲ್ಲೀತನಕಾ ಹೋಗೇ ಇಲ್ಲೋ!"

"ನಿಮ್ಮ ಕೈಯಾಗ ರಿಮೋಟ್ ಇರೂತನಕಾ ಲೋಕಕ್ಕೇನೂ ಆಗೂದಿಲ್ಲ ಬಿಡ್ರಿ, ಎಲ್ಲಾ ನಿಂತs ಇರತೈತಿ."

ಕಾಕು ನಕ್ಕು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ.

ಅವನು ಬೌಷರ್‌ನ ಸೈಟಿನಲ್ಲಿ ಸಾರುವೆ ಕುಸಿದು ಸತ್ತ.

ಮುಖದ ಎಡಭಾಗ ಜಜ್ಜಿಹೋಗಿತ್ತು. ಕಂಪನಿಯ ಮ್ಯಾನೇಜರ್ ಎಂದಿನಂತೆ ಹೇಳಿದ, "ಬಾಕ್ಸ್ ತೆರೆಯಬೇಡಿ ಅಂತ ಮನೆಯವರಿಗೆ ಹೇಳಿಬಿಡಿ. ಖಲಾಸ್." ಕಾಕಾ ಮಲ್ಲುವಿನ ತಾಯಿಗೆ ಫೋನ್ ಮಾಡಿದಾಗ ನಾನೂ ಅಲ್ಲೇ ಇದ್ದೆ. ಆಕೆ ಗಂಡನಿಲ್ಲದ ಹೆಂಗಸು, ಇದ್ದವನು ಇವನೊಬ್ಬ. ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಅಣ್ಣಾ, ಪೆಟಿಗಿ ತೆಗೀಬ್ಯಾಡ ಅಂತ ಮಾತ್ರ ಹೇಳಬ್ಯಾಡ. ಮಾರಿ ತೋರಸದ ಕಳಿಸಿದ್ರ ಇದು ಯಾರದೋ ಅಂತೀನಿ. ನನ್ನ ಮಗಾ ಬರ್ತಾನಂತ ಬಾಗಲಾ ಕಾಯ್ಕೋಂತ ಕುಂಡ್ರತೀನಿ."

ನಮ್ಮ ಕಡೆ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೂಡಿಸಿ, ಮುಖ ಊರಿಗೆಲ್ಲ ಕಾಣುವಂತೆ ಮೆರವಣಿಗೆ ಮಾಡಿ ಒಯ್ಯುತ್ತೇವೆ. ಪರದೇಶದಿಂದ ಪೆಟ್ಟಿಗೆಯಲ್ಲಿ ಬಂದವರನ್ನು ಕೂಡಿಸಲು ಆಗುವುದಿಲ್ಲ, ಅದಕ್ಕೆ ಜನ ಒಪ್ಪಿಕೊಳ್ಳುತ್ತಾರೆ. ಮುಖವೂ ಇಲ್ಲ ಅಂದರೆ?

"ಕಳಸ್ತೀನ್ರೆವಾ. ಮಾರಿ ನೋಡೂಹಂಗ ಕಳಸ್ತೀನಿ" ಅಂದುಬಿಟ್ಟರು ಕಾಕಾ. ಫೋನಿಟ್ಟರು. ನನ್ನ ಕಡೆ ತಿರುಗಿ, "ತಂಗಿ, ನಿನ್ನ ಬಣ್ಣದ ಡಬ್ಬಿ ತಗೊಂಡು ನಡಿ" ಅಂದರು.

ಕಾಕು ಕೂಗಿದರು. "ಮುತ್ತೈದಿ ಕಾಡಿಗಿ ಹೆಣಕ್ಕ ಹಚ್ಚಾಕ ಒಯ್ತೀರೇನ್ರಿ? ತಲಿ ಕೆಟ್ಟೈತೇನ್ರಿ ನಿಮಗ?" ಕಾಕಾ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಕಾರು ನಾನೇ ಓಡಿಸಿದೆ.

ಶವಾಗಾರದ ಕೆಲಸಗಾರ ವಯಸ್ಸಾದ ಬಲೂಚಿ, ಕಾಕಾನ ಹಳೆಯ ಪರಿಚಯ. ಅವನು ಮೊದಲೇ ತನ್ನ ಕೆಲಸ ಮುಗಿಸಿದ್ದ. ಔಷಧ ಹಾಕಿ, ಒಡೆದ ಬದಿಗೆ ಹತ್ತಿ ತುಂಬಿ ಬಿಳಿ ಬಟ್ಟೆ ಸುತ್ತಿದ್ದ. ಉಳಿದ ಅರ್ಧ ಮುಖಕ್ಕೆ ಏನೋ ಮುಲಾಮು ಸವರಿ, ಕೂದಲು ಹಿಂದಕ್ಕೆ ನಯವಾಗಿ ಬಾಚಿದ್ದ. ಬಾಗಿಲಲ್ಲಿ ನಿಂತಿದ್ದ ನನಗೆ ಕಂಡ ಮುಖ ಮಲ್ಲುವಿಗಿಂತ ಬೆಳ್ಳಗಿತ್ತು, ಚೆಂದವೂ ಇತ್ತು.

"ದೇಖೋ ಭಾಯಿ, ಕಿತನಾ ಅಚ್ಛಾ ಹೋ ಗಯಾ" ಅಂದ ಬಲೂಚಿ.

ಕಾಕಾ ಬಹಳ ಹೊತ್ತು ನೋಡಿದರು. ಟಿವಿ ಮುಂದೆ ಕೂತು ನೋಡುತ್ತಾರಲ್ಲ, ಹಾಗೇ ತಲೆ ಒಂದು ಕಡೆ ವಾಲಿಸಿ ನೋಡಿದರು.

"ಗೊಂಬಿ ಆತು" ಅಂದರು.

ನನ್ನನ್ನು ಒಳಗೆ ಕರೆದರು. ಹೋದೆ. ಹೇಗೆ ಹೋದೆನೋ ಗೊತ್ತಿಲ್ಲ, ತಣ್ಣಗಿನ ಆ ವಾಸನೆ ಈಗ ಬರೆಯುವಾಗಲೂ ಮೂಗಿಗೆ ಬರುತ್ತಿದೆ.

"ಇದs ನೋಡು ಜಪಾನಿನವರು ಮಾಡೂ ತಪ್ಪು. ಒಂದ್ ಕಲೀ ಇಲ್ಲ, ಒಂದ್ ಗೆರೀ ಇಲ್ಲ. ಈ ಮಾರಿ ಯಾವತ್ತಾರ ಬಿಸಲಾಗ ನಿಂತಿತ್ತೇನು? ಇದನ್ನ ನೋಡಿ ಅವರವ್ವ ನನ್ನ ಮಗಾ ಅಂತಾಳೇನು? ಕೊಡು, ಮಬ್ಬು ಬಣ್ಣ ಯಾವುದೈತಿ ಅದನ್ನ ಕೊಡು."

ನನ್ನ ಪೌಡರು, ನನ್ನ ಕಾಡಿಗೆ, ನನ್ನ ಕಂದು ಲಿಪ್‌ಸ್ಟಿಕ್. ಮೊದಲು ಮುಲಾಮು ಒರೆಸಿದರು. ಕೆನ್ನೆಗೆ ಬಿಸಿಲಿನ ಕಪ್ಪು ತಂದರು. ಹೆಲ್ಮೆಟ್ಟಿನ ಪಟ್ಟಿ ಕಟ್ಟಿ ಕಟ್ಟಿ ಸೈಟಿನವರ ಗದ್ದದ ಮೇಲೆ ಒಂದು ಬಿಳಿ ಗೆರೆ ಉಳಿಯುತ್ತದಲ್ಲ, ಅಲ್ಲಿ ಬಣ್ಣ ಹಚ್ಚದೆ ಬಿಟ್ಟರು. ತುಟಿ ಒಡೆದಂತೆ ಕಾಣಲು ಪೌಡರನ್ನು ನೀರಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಅಲ್ಲಲ್ಲಿ ಉದುರಿಸಿದರು. ಬಾಚಿದ ಕೂದಲನ್ನು ಕೈಯಿಂದ ಕೆದರಿದರು. ಕೊನೆಗೆ ಕಿರುಬೆರಳಿಗೆ ಕಾಡಿಗೆ ತಗೊಂಡು ಕಣ್ಣಿನ ಕೆಳಗೆ ಸವರಿ, ತಿಕ್ಕಿ ತಿಕ್ಕಿ ಮಸುಕು ಮಾಡಿದರು. ಬಲೂಚಿ ಮೊದಲು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದವನು, ಆಮೇಲೆ ತನ್ನ ದೀಪವನ್ನು ತಂದು ಹತ್ತಿರ ಹಿಡಿದ.

ಕಾಕಾ ಹಿಂದೆ ಸರಿದರು. ನಮ್ಮ ಮನೆಗೆ ಬರುತ್ತಿದ್ದ ಮಲ್ಲು ಅಲ್ಲಿ ಮಲಗಿದ್ದ.

ಪೆಟ್ಟಿಗೆ ಹೋಯಿತು. ಮಣ್ಣಾದ ಮರುದಿನ ಮಧ್ಯಾಹ್ನ ಮಲ್ಲುವಿನ ತಾಯಿಯ ಫೋನ್ ಬಂತು. ಊಟಕ್ಕೆ ಕೂತಿದ್ದ ಕಾಕಾ ಎಂಜಲು ಕೈಯಲ್ಲಿ ಫೋನ್ ಎತ್ತಲಾರದೆ ಸ್ಪೀಕರ್ ಹಾಕಲು ನನಗೆ ಸನ್ನೆ ಮಾಡಿದರು.

"ನೋಡಿದ್ನೋ ಅಣ್ಣಾ. ನನ್ನ ಮಗನs ಹೌದು."

ಕಾಕಾ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಆಕೆಯ ದನಿ ಏರಿತು.

"ಕಣ್ಣಿನ ಕೆಳಗ ಅಷ್ಟ್ ಕರ್ರಗ ಆಗಿತ್ತಲ್ಲೋ! ತುಟಿ ಒಡದಿದ್ವಲ್ಲೋ! ಏನ್ ದುಡಿಸ್ಕೊಂಡ್ರಿ ನನ್ನ ಮಗನ್ನ ನೀವು? ನಿದ್ದಿ ಮಾಡಾಕ ಬಿಡ್ತಿದ್ರೋ ಇಲ್ಲೋ? ಹೊಟ್ಟಿಗೆ ಹಾಕ್ತಿದ್ರೋ ಇಲ್ಲೋ? ಹಿರ್ಯಾ ಅಂತ ನೀ ಇದ್ಯಲ್ಲಾ ಅಲ್ಲಿ, ಏನ್ ನೋಡ್ತಿದ್ದಿ ನೀ?"

ಕಾಕಾ ತಾಟಿನ ಮುಂದಿನಿಂದ ಎದ್ದು ನಿಂತರು. ಎದುರಿಗೆ ಆಕೆಯೇ ಇದ್ದಂತೆ ತಲೆ ತಗ್ಗಿಸಿ ನಿಂತರು.

"ತಪ್ಪಾತ್ರೆವಾ... ಹೌದ್ರಿ... ನಾ ನೋಡಬೇಕಾಗಿತ್ತು... ನಂದs ತಪ್ಪು..."

ನನಗೆ ತಡೆಯಲಾಗಲಿಲ್ಲ. ಅದು ನನ್ನ ಕಾಡಿಗೆಯಮ್ಮಾ ಎಂದು ಹೇಳಲು ಫೋನಿಗೆ ಕೈ ಚಾಚಿದೆ. ಕಾಕಾ ಎಂಜಲು ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದುಬಿಟ್ಟರು, ಗಟ್ಟಿಯಾಗಿ. ಆಕೆ ಬೈದಳು. ಕಂಪನಿಯನ್ನು, ಮಸ್ಕತ್ತನ್ನು, ಬಿಸಿಲನ್ನು, ಕಾಕಾನನ್ನು, ಕಾಕಾನ ಮನೆತನವನ್ನು. ಬೈದು ಬೈದು ದಣಿದ ಮೇಲೆ ಆಕೆಯ ದನಿ ಒಡೆಯಿತು. ಆವತ್ತು ಅಳದಿದ್ದ ಹೆಂಗಸು ಹಾಡಿ ಹಾಡಿ ಅತ್ತಳು. ಯಾರೋ ಫೋನ್ ತಗೊಂಡು ಇಟ್ಟರು.

ಕಾಕುವಿನ ಮುಖ ಕೆಂಪಾಗಿತ್ತು. "ಇಷ್ಟ್ ಮಾಡಿ ಸುಮ್ನ ಬೈಸ್ಕೊಂಡ್ರಲ್ಲಾ! ಖರೇ ಏನು ಅಂತ ಒಂದ್ ಮಾತ್ ಹೇಳಾಕ ಏನಾಗಿತ್ರಿ?"

ಕಾಕಾ ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ತಾಟಿನ ಮುಂದೆ ಕೂತರು.

"ಬೈಯಲಿ ಬಿಡ. ಹೆಣಾ ನೋಡಿದವರು ನಿದ್ದಿ ಆಗಿತ್ತೇನು, ಉಂಡಿದ್ನೇನು ಅಂತ ಕೇಳ್ತಾರೇನ? ಆಕಿ ಮಗನ್ನ ನೋಡ್ಯಾಳ."