ಮಾವನ ತಲೆಯೊಳಗಿನ ಗೋಡೆ

ಮನೆಗೆ ಬಂದ ನೆಂಟರು ನಿಮ್ಮ ಮುಖ ಬಿಟ್ಟು ಮೊದಲು ಗೋಡೆಯ ಕ್ಷೇಮ ವಿಚಾರಿಸಿದ್ದುಂಟಾ? ನನಗೆ ಹಬ್ಬಕ್ಕೊಮ್ಮೆ ಆಗುತ್ತದೆ. ನನ್ನ ಸೋದರಮಾವನಿಗೆ ಮನುಷ್ಯರಿಗಿಂತ ಗೋಡೆಗಳ ಪರಿಚಯವೇ ಹೆಚ್ಚು.

ಬೀದರಿನಿಂದ ನಾಸಿಕಕ್ಕೆ ಬಂದು, ಊರವರ ತಾರಸಿಗಳಿಗೆ ವಾಟರ್‌ಪ್ರೂಫಿಂಗ್ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಮಗಳಿಗೆ ವರ ನೋಡಲು ದಿಂಡೋರಿಗೆ ಹೋದಾಗ ಹುಡುಗನ ಸಂಬಳ, ಮನೆತನ ಏನೂ ಕೇಳಲಿಲ್ಲ. ಬಚ್ಚಲುಮನೆಗೆ ಹೋಗಿ ಬಂದು, "ಈ ಸಂಬಂಧ ಬ್ಯಾಡ. ಇಷ್ಟು ಸಣ್ಣ ಸೋರಿಕಿಗೇ ಬಣ್ಣ ಬಳದು ಮುಚ್ಯಾರ. ಮುಂದ ಇನ್ನೇನು ಮುಚ್ಚತಾರೋ" ಅಂದರು. ಮಗಳು ಈಗ ಸಂಭಾಜಿನಗರದಲ್ಲಿದ್ದಾಳೆ, ಒಣ ಗೋಡೆಯ ಮನೆಯಲ್ಲಿ.

ಧೂಳು ಕಂಡರೆ ಮಾವನಿಗೆ ಸೀನು. ಸೀನಿಗೆ ಮೆಡಿಕಲ್ ಅಂಗಡಿಯ ಹಳದಿ ಗುಳಿಗೆ. ಹರೆಯದಲ್ಲಿ ಅದನ್ನು ನುಂಗಿದರೆ ಗಾಢ ನಿದ್ದೆ, ಅಷ್ಟೇ. ಎಪ್ಪತ್ತು ದಾಟಿದ ಮೇಲೆ ಬೆಳಗಿನ ಮಾತು ತಡವರಿಸತೊಡಗಿತು. ಹೋದ ಚಳಿಗಾಲದಲ್ಲಿ ಒಂದು ದಿನ ಚಹಾ ತಂದ ಅತ್ತೆಯನ್ನು ಕಂಡು ಎದ್ದು ನಿಂತು, "ಬರ್ರಿ ಅಕ್ಕಾರ, ಕೂಡ್ರಿ. ಯಾರ ಮನಿಯವ್ರು ನೀವು?" ಅಂದರು. ಮದುವೆಯಾದಾಗಿನಿಂದ ಅತ್ತೆಗೆ ಗಂಡನಿಂದ ಸಿಕ್ಕ ಮೊದಲ ಮರ್ಯಾದೆ. ಅತ್ತೆ ನಗಲಿಲ್ಲ.

ನಾಸಿಕದ ಮನೆ ಮುಚ್ಚಿ ಇಬ್ಬರನ್ನೂ ತನ್ನಲ್ಲೇ ಇಟ್ಟುಕೊಳ್ಳುವುದೆಂದು ಮಗಳು ತೀರ್ಮಾನಿಸಿದಳು. ಅದಕ್ಕೂ ಮೊದಲು ಇಬ್ಬರನ್ನೂ ಸಂಭಾಜಿನಗರಕ್ಕೆ ಕರೆದೊಯ್ದು, ಮಾವನನ್ನು ಅಲ್ಲಿನ ಡಾಕ್ಟರಿಗೆ ತೋರಿಸಿದೆವು. ಅವರು ಮರಾಠಿಯಲ್ಲಿ ಹೇಳಿದ್ದಿಷ್ಟು: ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ರಕ್ತದಲ್ಲಿರುವುದೆಲ್ಲ ಒಳಗೆ ನುಗ್ಗದಂತೆ ಅದೇ ತಡೆ. ವಯಸ್ಸಾದಂತೆ ಆ ಸಂದುಗಳು ಸಡಿಲಾಗುತ್ತವೆ, ಗೋಡೆಗೆ ಆತುಕೊಂಡ ಕೋಶಗಳೂ ಕಡಿಮೆಯಾಗುತ್ತವೆ. ಈ ಗುಳಿಗೆ ಮೊದಲಿಂದಲೂ ಒಳಗೆ ಹೋಗುವಂಥದ್ದೇ, ವಯಸ್ಸಾದ ಮಿದುಳು ಅದನ್ನು ತಾಳುವುದಿಲ್ಲ. ಬಿಟ್ಟು ನೋಡೋಣ. ಆಮೇಲೂ ಮರೆವು ಉಳಿದರೆ ಬೇರೆ ಪರೀಕ್ಷೆ.

ಮಾವನಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ, ಆದರೂ ಡಾಕ್ಟರನ್ನು ಬಿಟ್ಟು ನನ್ನತ್ತ ತಿರುಗಿ ಕನ್ನಡದಲ್ಲೇ ಶುರು ಮಾಡಿದರು. "ಜಾಯಿಂಟಿಗಿ ಯಾವ ಕೆಮಿಕಲ್ ಹಾಕ್ತಾರ ಕೇಳು."

ಕೇಳಿದೆ. ಯಾವುದೂ ಇಲ್ಲವಂತೆ.

"ಗ್ಯಾರಂಟಿ?"

ಅದೂ ಇಲ್ಲ.

"ಮತ್ತ ಫೀಸ್ ಯಾತರದ್ದು?"

ಅದನ್ನು ನಾನು ಅನುವಾದಿಸಲಿಲ್ಲ.

ಗುಳಿಗೆ ಬಿಟ್ಟರು. ಸೀನು ವಾಪಸ್ ಬಂತು. ಬರುಬರುತ್ತ ಮಾತೂ ಹದಕ್ಕೆ ಬಂತು. ಮಗಳು ಬೇಡವೆಂದರೂ ಗಂಡ ಹೆಂಡತಿ ನಾಸಿಕಕ್ಕೆ ಮರಳಿದರು. ಹೋದ ವಾರ ನಾನು ಹೋದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮಾವ ಪಕ್ಕದಲ್ಲಿ ಕೂತು, ತಲೆ ಎತ್ತದೆ ಕೇಳಿದರು.

"ಅವತ್ತು ನಾ ಗುರ್ತು ಹಿಡೀಲಿಲ್ಲಲ್ಲ. ನೀ ಏನ್ ಮಾಡ್ದಿ?"

"ಹೆಸರು ಹೇಳ್ದೆ. ನಿಮ್ ಹೇಣ್ತಿ ಅಂದೆ. ಚಹಾ ಆರ್ತದ, ಕುಡೀರಿ ಅಂದೆ."

"ಮತ್ತ ಹಂಗಾದ್ರ?"

"ಮತ್ತ ಹೇಳ್ತೀನಿ."

ಮಾವ ಒಂದು ಹಿಡಿ ಬಟಾಣಿ ತಮ್ಮ ಕಡೆ ಎಳೆದುಕೊಂಡು ಸುಲಿಯತೊಡಗಿದರು.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೈತಪ್ಪಿ ಹೋಗಿ ವಾಪಸ್ ಬಂದಿದ್ದರೆ, ಬರದೇ ಉಳಿದಿದ್ದರೂ, ಕೆಳಗೆ ಬರೆಯಿರಿ. ಮನೆಮದ್ದು ಬೇಡ. ನಡೆದದ್ದು ಹೇಳಿ ಸಾಕು.